ಪೊಯಿ, ರಂಜಕ, ಪಾರಿಜಾತ

ಇವತ್ತು ಬೆಳಿಗ್ಗೆ ಕುಲಗೋಡದ ಚಹಾದಂಗಡಿಯಲ್ಲಿ ಹುಡುಗರ ಗುಂಪೊಂದು ಗೋವಾಕ್ಕೆ ಹೊರಡುವ ಮಾತು ನಡೆಸಿತ್ತು. ಗಾಡಿ, ರೂಮು, ಬೀಚಿನ ಹೆಸರು ಎಲ್ಲ ಪಕ್ಕಾ ಆಗಿತ್ತು. "ಪಣಜಿ ಊರಾಗ ಏನ್ ನೋಡ್ತೀರಪಾ?" ಎಂದು ಕೇಳಿದೆ. "ಬೀಚ್ ಬಿಟ್ರ ಅಲ್ಲೇನೈತ್ರಿ ಕಾಕಾ?" ಅಂದ ಒಬ್ಬ. ಪಾಪದ ಹುಡುಗ, ಮರ್ಯಾದೆಯಿಂದಲೇ ಅಂದ. ಆದರೂ ಆ ಮಾತು ನನ್ನನ್ನು ಬಿಡಲೊಲ್ಲದು.

ದಾರಿ ಯಾರಿಗೂ ಹೇಳಿಕೊಡಬೇಕಿಲ್ಲ. ಗೋಕಾಕ, ಬೆಳಗಾವಿ ದಾಟಿ ಚೋರ್ಲಾ ಘಾಟ್ ಇಳಿದರೆ ಗೋವಾ. ಮಳೆಗಾಲದಲ್ಲಿ ಆ ಘಾಟಿನ ಮಂಜು ಕೆಟ್ಟದ್ದು, ಆಗ ರೈಲು ಲೇಸು. ನಮ್ಮ ಘಟಪ್ರಭಾ ಸ್ಟೇಷನ್ನಿನ ಹಳಿಯೇ ಲೋಂಡಾ ಮುಟ್ಟುತ್ತದೆ, ಅಲ್ಲಿಂದ ಕ್ಯಾಸಲ್‌ರಾಕ್ ಹಾದು ಘಟ್ಟ ಇಳಿಯಬೇಕು. 1961ರ ಡಿಸೆಂಬರಿನವರೆಗೂ ಕ್ಯಾಸಲ್‌ರಾಕಿನ ಆಚೆಗೆ ಪೋರ್ತುಗೀಜರ ಆಳ್ವಿಕೆ ಇತ್ತು. ಒಯ್ಯುವ ಸಾಮಾನಿನಲ್ಲಿ ಟೋಪಿ, ನೀರಿನ ಬಾಟ್ಲಿ, ಗುಳಿಗೆ ಇವುಗಳ ಮಾತು ಬಿಡಿ. ಇಗರ್ಜಿಯೊಳಗೆ ಕಾಲಿಡುವಾಗ ತೋಳು, ಮೊಣಕಾಲು ಮುಚ್ಚುವ ಅರಿವೆ ಇರಲಿ, ಅದು ಅವರ ದೇವರ ಮನೆ. ಮಧ್ಯಾಹ್ನ ಹಳೆಯ ಅಂಗಡಿಗಳು ಬಾಗಿಲು ಹಾಕಿಕೊಂಡಿರುತ್ತವೆ, ಆಗ ಬಾಗಿಲು ಬಡಿಯಬೇಡಿ, ನೀವೂ ಮಲಗಿ.

ಇನ್ನು ತಿನ್ನುವ ಮಾತು. ನಮ್ಮವರು ಕಡಕ್ ರೊಟ್ಟಿ, ಶೇಂಗಾದ ಹಿಂಡಿ ಕಟ್ಟಿಕೊಂಡೇ ಹೋಗುತ್ತಾರೆ. ದಾರಿಗೆ ಬೇಕು, ಒಯ್ಯಿರಿ. ಆದರೆ ಅಲ್ಲಿ ನಸುಕಿನಲ್ಲೇ ಎದ್ದು ಓಣಿಗೆ ಬನ್ನಿ. ಸೈಕಲ್ಲಿನ ಹಿಂದೆ ದೊಡ್ಡ ಬುಟ್ಟಿ ಕಟ್ಟಿ, ಪೋಂ ಪೋಂ ಎಂದು ಹಾರ್ನ್ ಒತ್ತುತ್ತ ಬ್ರೆಡ್ ಮಾರುವ ಪೊದೇರ್ ಬರುತ್ತಾನೆ. ಬುಟ್ಟಿಯ ಮೇಲಿನ ಹೊದಿಕೆ ಸರಿಸಿದರೆ ಕಟ್ಟಿಗೆ ಒಲೆಯಲ್ಲಿ ಬೆಂದ ಹಿಟ್ಟಿನ ವಾಸನೆ. ದುಂಡಗಿನ ಉಂಡೋ, ಬಳೆಯ ಆಕಾರದ ಕಾಂಕೊಣ್, ಎಲ್ಲಕ್ಕಿಂತ ಹೆಚ್ಚಾಗಿ ಪೊಯಿ. ಈ ಪೊಯಿಯ ಮೇಲೆಲ್ಲ ಗೋದಿಯ ತೌಡು ಅಂಟಿರುತ್ತದೆ, ಕೈಗೆ ಒರಟು. ಹರಿದರೆ ಒಳಗೆ ಪೂರ್ತಿ ಪೊಳ್ಳು, ಚೀಲದ ಹಾಗೆ. ಮೊದಲೆಲ್ಲ ಹಿಟ್ಟು ಹುದುಗಲು ತೆಂಗಿನ ಸೇಂದಿ ಹಾಕುತ್ತಿದ್ದರು. ಬ್ರೆಡ್ಡಿಲ್ಲದೆ ಪೋರ್ತುಗೀಜರಿಗೆ ಊಟವೂ ಇಲ್ಲ, ಪೂಜೆಯೂ ಇಲ್ಲ. ಅವರ ಪಾದ್ರಿಗಳಿಂದ ದಕ್ಷಿಣ ಗೋವಾದ ಸಾಸಷ್ಟಿಯ ಜನ ಕಲಿತ ವಿದ್ಯೆ ಇದು. ಅರಮನೆ, ಕೋಟೆಗಳ ಬಗ್ಗೆ ಬರೆದವರು ಬಹಳ, ಆ ಒಲೆಯ ಮುಂದೆ ರಾತ್ರಿಯೆಲ್ಲ ನಿಂತವರ ಬಗ್ಗೆ ಬರೆದವರು ಕಡಿಮೆ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಮಾಂಸ ಮುಟ್ಟದ ನಮ್ಮಂಥವರು ಪೊಯಿಯೊಳಗೆ ಅಳಸಂದಿ ಭಾಜಿ ತುಂಬಿಸಿಕೊಂಡು ತಿನ್ನಬಹುದು. ಅದರೊಳಗಿನ ಉಳ್ಳಾಗಡ್ಡಿ ಬೆಳಗಾವಿ ಮಾರ್ಕೆಟ್ಟಿನಿಂದಲೇ ಹೋಗಿದ್ದೀತು, ಗೋವಾದ ಕಾಯಿಪಲ್ಲೆಯ ಬಹುಪಾಲು ನಮ್ಮ ಜಿಲ್ಲೆಯ ಮೇಲೆಯೇ ನಿಂತಿದೆ. ಬೆಬಿಂಕ ಕಂಡರೆ ಸಿಹಿ ಎಂದು ಮುಗಿಬೀಳುವ ಮೊದಲು ತಿಳಿದಿರಲಿ, ಅದಕ್ಕೆ ತೆಂಗಿನ ಹಾಲು, ತುಪ್ಪದ ಜೊತೆ ತತ್ತಿಯ ಹಳದಿಯೂ ಬೀಳುತ್ತದೆ. ತಿನ್ನುವವರು ಮಾತ್ರ ಬಿಡಬೇಡಿ. ಒಂದು ಪದರು ಬೆಂದ ಮೇಲೆಯೇ ಅದರ ಮೇಲೆ ಇನ್ನೊಂದು ಪದರು ಹೊಯ್ಯುತ್ತಾರೆ, ಮುಚ್ಚಳದ ಮೇಲೆ ಕೆಂಡ ಇಟ್ಟು ಮೇಲಿನಿಂದ ಬೇಯಿಸುತ್ತಾರೆ. ಅಷ್ಟು ತಾಳ್ಮೆಯ ಅಡುಗೆಯನ್ನು ಗಬಗಬ ನುಂಗಬಾರದು.

ಆಮೇಲೆ ರೆಶಾದ್ ಮಸಾಲೆಯ ವಾಸನೆ ನೋಡಿ. ಒಣಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ, ಮೆಣಸಿನಕಾಳು, ಸೇಂದಿಯ ಹುಳಿಯಲ್ಲಿ ನುಣ್ಣಗೆ ಅರೆದದ್ದು. ಮೀನಿನ ಹೊಟ್ಟೆಗೆ ತುಂಬುವ ಆ ಕೆಂಪನ್ನು ಕಂಡಾಗ ನನಗೆ ನೆನಪಾಗುವುದು ನಮ್ಮ ಮನೆಯ ರಂಜಕ. ಹಣ್ಣುಮೆಣಸಿನಕಾಯಿ, ಬಳ್ಳೊಳ್ಳಿ, ಉಪ್ಪು, ಮೆಂತ್ಯೆ, ನಿಂಬೆಹುಳಿ. ಹುಳಿ ಬೇರೆ, ಖಾರ ಒಂದೇ. ಆ ಖಾರ ಸಮುದ್ರದಾಚೆಯ ಅಮೆರಿಕದ್ದು, ಹದಿನಾರನೇ ಶತಮಾನದಲ್ಲಿ ಪೋರ್ತುಗೀಜರ ಹಡಗಿನಲ್ಲಿ ಬಂದಿಳಿಯಿತು. ನಮಗೂ ಗೋವಾಕ್ಕೂ ನಂಟು ಖಾರದ್ದಷ್ಟೇ ಅಲ್ಲ, ಪೋರ್ತುಗೀಜರ ದಳಪತಿ ಅಲ್ಬುಕರ್ಕ್ 1510ರಲ್ಲಿ ಗೋವಾ ಕಿತ್ತುಕೊಂಡದ್ದೂ ನಮ್ಮ ವಿಜಾಪುರದ ಆದಿಲ್‌ಶಾಹಿಯಿಂದಲೇ. ಹಳೆ ಗೋವಾದಲ್ಲಿ ಸೇಂಟ್ ಕಜೆಟನ್ ಇಗರ್ಜಿಯ ಆವರಣದಲ್ಲಿ ಆದಿಲ್‌ಶಾಹನ ಅರಮನೆಯ ಒಂದು ಬಾಗಿಲಷ್ಟೇ ಉಳಿದು ನಿಂತಿದೆ. ಬಾಂ ಜೀಸಸ್ ಇಗರ್ಜಿ ನೋಡಲು ಹೋದವರು ಇನ್ನು ನಾಲ್ಕು ಹೆಜ್ಜೆ ಹಾಕಿ ಆ ಬಾಗಿಲನ್ನೂ ನೋಡಿ ಬರಬೇಕು. ಅಲ್ಲಿ ಜನವೇ ಇರುವುದಿಲ್ಲ.

ಸಂಜೆಯ ಮಾತು ಉಳಿಯಿತು. ಕುಲಗೋಡದವರು ಸಂಜೆ ಬೀಚಿನ ಮೇಲೆ ಕೂಡುವುದು ನನಗೆ ಒಪ್ಪಿಗೆಯಾಗದ ಕೆಲಸ. ಪಣಜಿಯ ಕಲಾ ಅಕಾಡೆಮಿಯಲ್ಲೋ ಮಡಗಾವಿನ ರವೀಂದ್ರ ಭವನದಲ್ಲೋ ತಿಯಾತ್ರ್ ಇದ್ದರೆ ಟಿಕೆಟ್ ತೆಗೆಸಿ. ಇಟಾಲಿಯನ್ ಒಪೆರಾದ ಗಾಳಿ ಬೀಸಿ ಹುಟ್ಟಿದ ಕೊಂಕಣಿ ನಾಟಕ ಅದು, 1892ರಲ್ಲಿ ಮುಂಬಯಿಯಲ್ಲಿ ಮೊದಲು ಆಡಿದ್ದು. ಕಥೆ ನಡೆಯುತ್ತಿರುವಾಗಲೇ ಪರದೆ ಬೀಳುತ್ತದೆ, ಒಬ್ಬ ಮುಂದೆ ಬಂದು ಕಥೆಗೆ ಸಂಬಂಧವೇ ಇಲ್ಲದ ಕಾಂತಾರ್ ಎಂಬ ಹಾಡು ಹಾಡುತ್ತಾನೆ. ಮಂತ್ರಿಗಳಿಗೆ ಬಾರಿಸುತ್ತಾನೆ, ರಸ್ತೆಯ ತಗ್ಗಿಗೆ ಬಾರಿಸುತ್ತಾನೆ, ಟ್ರಂಪೆಟ್ಟಿನವರು ದನಿಗೂಡಿಸುತ್ತಾರೆ. ಜನ ಚಪ್ಪಾಳೆ ಹೊಡೆದರೆ ಮತ್ತೆ ಬಂದು ಇನ್ನೊಂದು ನುಡಿ. ಮರಾಠಿ ತಿಳಿದವರಿಗೆ ಅರ್ಧ ಹಾಡು ಹಾಗೆಯೇ ತಿಳಿಯುತ್ತದೆ.

ಆಟದ ನಡುವೆ ಊರಿನ ಮಾತು ತರುವುದು ನಮಗೆ ಹೊಸದೇ? ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಆಟವಾಗಿ ಬೆಳೆಸಿದ್ದು ನಮ್ಮೂರಿನ ಕುಲಗೋಡ ತಮ್ಮಣ್ಣ. ನೆರೆಯ ಕೌಜಲಗಿಯ ನಿಂಗಮ್ಮ ಅದನ್ನು ಊರೂರಿಗೆ ಒಯ್ದಳು. ಕೃಷ್ಣ, ಸತ್ಯಭಾಮೆ ಬರುವ ಮೊದಲು ಗೊಲ್ಲತಿ ಬಂದು ಭಾಗವತನ ಕೂಡ ಮಾತಿಗಿಳಿದರೆ, ಆ ಮಾತಿನೊಳಗೆ ಊರಿನ ಸಂಗತಿಯೆಲ್ಲ ಬರುತ್ತಿತ್ತು. ಪೇಟಿಯವನು ನಗುತ್ತಲೇ ಸುರ ಹಿಡಿಯುತ್ತಿದ್ದ. ತಿಯಾತ್ರ್ ನೋಡುತ್ತ ಕುಳಿತಾಗ ನನಗೆ ಕೇಳಿಸಿದ್ದು ಅದೇ ಭಾಗವತ.

ಇವೆರಡನ್ನೂ ಒಂದೇ ರಂಗದ ಮೇಲೆ ತರಬೇಕು. ಒಂದು ವರ್ಷ ಮಡಗಾವಿನಲ್ಲಿ, ಮರುವರ್ಷ ನಮ್ಮ ಮೂಡಲಗಿಯಲ್ಲಿ. ಗೋವಾದಲ್ಲಿ ಗಾರೆ ಕೆಲಸಕ್ಕೆ, ಬಂದರಿನ ಕೆಲಸಕ್ಕೆ ಹೋಗಿ ನೆಲೆಸಿದ ನಮ್ಮ ಜನ ಎಷ್ಟೋ ಇದ್ದಾರೆ, ಅವರೇ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ತೊಡಕು ಒಂದೇ. ತಿಯಾತ್ರ್ ಕೆಲವೇ ತಾಸಿನಲ್ಲಿ ಮುಗಿಯುತ್ತದೆ, ಪಾರಿಜಾತಕ್ಕೆ ಬೆಳಕು ಹರಿಯಬೇಕು. ಈಚೆಗೆ ಉತ್ಸವಗಳಲ್ಲಿ ಅದನ್ನು ಎರಡು ತಾಸಿಗೆ ಕತ್ತರಿಸಿ ಗೊಲ್ಲತಿಯ ಭಾಗವನ್ನೇ ಹಾರಿಸುವುದನ್ನು ಕಂಡಿದ್ದೇನೆ. ಹಾಗೆ ಮಾಡುವುದಾದರೆ ಬೇಡ. ಮೊದಲು ತಿಯಾತ್ರ್ ಆಗಲಿ, ಊಟ ಆಗಲಿ, ಆಮೇಲೆ ಪಾರಿಜಾತ ತನ್ನ ಪೂರ್ತಿ ರಾತ್ರಿ ತೆಗೆದುಕೊಳ್ಳಲಿ.