ಹತ್ತನೆಯವರು

ನಿಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಲ್ಲೂ ಒಂದು ನಿಯಮ ಇರಬೇಕು: ರಾಜಕೀಯ ಬೇಡ. ನಮ್ಮದರಲ್ಲಂತೂ ಇದೆ. ಯುಗಾದಿ ಊಟದ ಟಿಕೆಟ್ಟು, ಊರಿಂದ ಬರೋರ ಹತ್ತಿರ ತರಿಸಬೇಕಾದ ಚಟ್ನಿಪುಡಿ, ಮಕ್ಕಳ ಕನ್ನಡ ಕ್ಲಾಸು, ಇಷ್ಟೇ ಮಾತು. ಈ ನಿಯಮದಿಂದಲೇ ನಾವೆಲ್ಲ ಒಟ್ಟಿಗೆ ಇದ್ದೀವಿ ಅಂತ ಬಹಳ ವರ್ಷ ನಂಬಿದ್ದೆ. ಆ ನಂಬಿಕೆ ಅಲುಗಾಡಿದ್ದು ಒಂದು ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ. ಅದನ್ನೇ ಇವತ್ತು ನಿಮಗೆ ಹೇಳಬೇಕು.

ನಾವಿರೋದು ನ್ಯೂಜೆರ್ಸಿಯ ಒಂದು ಸಣ್ಣ ಊರಲ್ಲಿ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಯಹೂದಿ ದಂಪತಿ ಇದ್ದರು. ನನ್ನ ಮಗಳು ಚಿಕ್ಕವಳಿದ್ದಾಗಿಂದ ಅವರನ್ನು ಅಜ್ಜಿ, ತಾತ ಅಂತಲೇ ಕರೆದದ್ದು. ಅವರೂ ಆ ಹೆಸರಿಗೇ ಓಗೊಡುತ್ತಿದ್ದರು. ಅಜ್ಜಿ ಕತ್ತಲಲ್ಲಿ ಕಾರು ಓಡಿಸೋದನ್ನು ಬಿಟ್ಟು ಬಹಳ ದಿನ ಆಗಿತ್ತು. 2024ರ ಫೆಬ್ರವರಿಯ ಒಂದು ಸಂಜೆ, "ಸಿನಗಾಗ್‌ನಲ್ಲಿ ಸಭೆ ಇದೆ, ಕರ್ಕೊಂಡು ಹೋಗ್ತೀಯಾ?" ಅಂದರು. ತಾತ ಬರಲಿಲ್ಲ. "ಅವಳು ಅಲ್ಲಿ ಏನು ಹೇಳ್ತಾಳೆ ಅಂತ ನನಗೆ ಗೊತ್ತು. ಅಡುಗೆಮನೆಯಲ್ಲಿ ಕೇಳಿದ್ದು ಸಾಕು," ಅಂತ ಟೀವಿ ಕಡೆ ತಿರುಗಿದರು.

ಸಭೆ ಇದ್ದದ್ದು ಗಾಜಾ ಯುದ್ಧದ ಬಗ್ಗೆ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು, ಸುಮಾರು 250 ಜನರನ್ನು ಒತ್ತೆಯಾಳಾಗಿ ಎಳೆದೊಯ್ದರು. ಆಮೇಲೆ ಇಸ್ರೇಲ್ ನಡೆಸಿದ ಯುದ್ಧದಲ್ಲಿ, ಈ ಸಭೆ ನಡೆಯೋ ಹೊತ್ತಿಗೆ, ಸತ್ತವರ ಸಂಖ್ಯೆ 25,000 ದಾಟಿದೆ ಅಂತ ಗಾಜಾದ ಆರೋಗ್ಯ ಇಲಾಖೆ ಹೇಳಿತ್ತು. ಕದನವಿರಾಮ ಬೇಕು ಅಂತ ಸಿನಗಾಗ್ ಹೆಸರಲ್ಲಿ ಒಂದು ಹೇಳಿಕೆ ಕೊಡಬೇಕೋ ಬೇಡವೋ, ಇದು ಪ್ರಶ್ನೆ.

ಹೊರಗಿಂದ ನೋಡೋ ನಮಗೆ ಯಹೂದಿಗಳೆಲ್ಲ ಒಂದೇ ದನಿಯಲ್ಲಿ ಮಾತಾಡ್ತಾರೆ ಅನ್ನಿಸುತ್ತೆ. ನಿಜ ಹಾಗಿಲ್ಲ. ಆ ಅಕ್ಟೋಬರ್ 27ರಂದು ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಕದನವಿರಾಮ ಕೇಳಿ ಕೂತು ನೂರಾರು ಜನ ಬಂಧನಕ್ಕೆ ಒಳಗಾದರಲ್ಲ, ಅದನ್ನು ಕರೆದದ್ದು ಯಹೂದಿ ಸಂಘಟನೆಯೇ. ನವೆಂಬರ್ 14ರಂದು ವಾಷಿಂಗ್ಟನ್‌ನಲ್ಲಿ ಹತ್ತಾರು ಸಾವಿರ ಜನ ಇಸ್ರೇಲಿಗೆ ಬೆಂಬಲವಾಗಿ ಸೇರಿದರಲ್ಲ, ಅವರಲ್ಲೂ ಹೆಚ್ಚಿನವರು ಯಹೂದಿಗಳೇ. ಒಂದೇ ಮನೆಯ ಮಗಳು ಮೊದಲನೆಯದಕ್ಕೆ, ತಂದೆ ಎರಡನೆಯದಕ್ಕೆ ಹೋದ ಕತೆಯನ್ನು ಆ ಸಂಜೆಯೇ ಕೇಳಿದೆ.

ಸಭೆ ಶುರು ಮಾಡುತ್ತಾ ರಬೈ, ಅಂದರೆ ಅಲ್ಲಿನ ಧರ್ಮಗುರು, ಒಂದು ಷರತ್ತು ಹಾಕಿದರು. ಒಬ್ಬೊಬ್ಬರಿಗೂ ಎರಡು ನಿಮಿಷ. ಆದರೆ ನಿಮ್ಮ ಮಾತಿಗೆ ಮುಂಚೆ, ನಿಮ್ಮ ಹಿಂದೆ ಮಾತಾಡಿದವರು ಏನು ಹೇಳಿದರು ಅನ್ನೋದನ್ನು ಅವರು ಒಪ್ಪುವ ಹಾಗೆ ಹೇಳಬೇಕು. ಇದಕ್ಕೊಂದು ಹಳೆಯ ಆಧಾರ ಇದೆಯಂತೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಹಿಲ್ಲೆಲ್ ಮತ್ತು ಶಮ್ಮಾಯ್ ಅನ್ನೋ ಇಬ್ಬರು ಪಂಡಿತರ ಶಿಷ್ಯರಿಗೆ ಎಲ್ಲದರಲ್ಲೂ ವಾದ. ಯಹೂದಿಗಳ ತಾಲ್ಮುದ್ ಗ್ರಂಥ ಎರಡೂ ಪಕ್ಷದ ಮಾತನ್ನು ಉಳಿಸಿಕೊಂಡಿದೆ. ಕೊನೆಗೆ ಹಿಲ್ಲೆಲ್ ಪಕ್ಷ ಗೆದ್ದದ್ದು ಯಾಕೆ ಅಂದರೆ, ಅವರು ಎದುರಾಳಿಯ ವಾದವನ್ನೂ ಕಲಿಸುತ್ತಿದ್ದರು, ಅದನ್ನೇ ಮೊದಲು ಹೇಳುತ್ತಿದ್ದರು.

ಅಜ್ಜಿ ಮೈಕಿನ ಮುಂದೆ ನಿಂತು ಹೇಳಿದ್ದಿಷ್ಟು: ಸಾಯ್ತಾ ಇರೋ ಮಕ್ಕಳ ಬಗ್ಗೆ ನಾವು ಬಾಯಿ ಬಿಡದೇ ಹೋದರೆ, ನಾಳೆ ನಮ್ಮ ಮೊಮ್ಮಕ್ಕಳು ಈ ಬಾಗಿಲು ದಾಟಲ್ಲ. ಒತ್ತೆಯಾಳುಗಳು ಜೀವಂತ ಮನೆಗೆ ಬರಬೇಕಾದರೂ ಗುಂಡು ನಿಲ್ಲಬೇಕು.

ಅವರ ಹಿಂದೆ ನಿಂತಿದ್ದವರು ಅರವತ್ತರ ಒಬ್ಬರು. ಅವರ ಸೋದರ ಸಂಬಂಧಿ ಅಕ್ಟೋಬರ್ 7ರಂದು ಸತ್ತಿದ್ದರು, ಅಕ್ಕನ ಮಗ ಮೀಸಲು ಸೈನಿಕನಾಗಿ ಗಾಜಾದಲ್ಲಿದ್ದ. ಅಜ್ಜಿಯ ಮಾತನ್ನು ಒಂದಕ್ಷರ ತಿರುಚದೆ ಒಪ್ಪಿಸಿದರು. ಆಮೇಲೆ ದನಿ ಒಡೆಯಿತು. "ನನ್ನವರನ್ನು ಹೂಳಿ ಇನ್ನೂ ಐದು ತಿಂಗಳಾಗಿಲ್ಲ. ಆಗಲೇ ನೀವು ಪೇಪರಿಗೆ ಪತ್ರ ಬರೀಬೇಕು ಅಂತೀರಿ. ಹುಡುಗ ಅಲ್ಲಿ ಸುರಂಗದ ಬಾಯಲ್ಲಿ ನಿಂತಿದ್ದಾನೆ. ಅವನು ಪಾಪಿ ಅಂತ ನನ್ನ ಸಿನಗಾಗೇ ಹೇಳಬೇಕಾ?" ಕೊನೆಕೊನೆಗೆ ಕೂಗಾಡಿದರು. ಅಜ್ಜಿ ಕೂತಲ್ಲೇ ಕೂತಿದ್ದರು.

ಷರತ್ತು ಎಲ್ಲರಿಂದಲೂ ಆಗಲಿಲ್ಲ. ಒಬ್ಬಾಕೆ, "ಅವರ ಮಾತು ನನ್ನ ಬಾಯಲ್ಲಿ ಬರೋದೇ ಇಲ್ಲ," ಅಂತ ಮೈಕ್ ಬಿಟ್ಟು ಹೊರಗೆ ಹೋದರು. ಕಾಲೇಜು ಓದೋ ಹುಡುಗನೊಬ್ಬ ಅವರ ಹಿಂದೆಯೇ ಹೋದ, ಬೇರೆ ಕಾರಣಕ್ಕೆ.

ವಾಪಸು ಬರುವಾಗ ಅಜ್ಜಿ ಕಾರಲ್ಲಿ ಹಳೆಯದನ್ನು ತೆಗೆದರು. 1967ರಲ್ಲಿ ಅವರು ಹೊಸದಾಗಿ ಮೇಷ್ಟ್ರು ಕೆಲಸಕ್ಕೆ ಸೇರಿದ್ದರಂತೆ. ಆಗ ವಿಯೆಟ್ನಾಂ ಯುದ್ಧ. ಪೋಲೆಂಡಿನಲ್ಲಿ ಹುಟ್ಟಿ, ತಾಯಿಯನ್ನೂ ಅಕ್ಕತಂಗಿಯರನ್ನೂ ನಾಜಿಗಳಿಗೆ ಕಳಕೊಂಡ ರಬೈ ಅಬ್ರಹಾಂ ಜೋಶುವಾ ಹೆಶೆಲ್ ಆ ಯುದ್ಧದ ವಿರುದ್ಧ ಸಂಘಟನೆ ಕಟ್ಟಿದವರಲ್ಲಿ ಒಬ್ಬರು. ಆ ಏಪ್ರಿಲ್ 4ರಂದು ರಿವರ್‌ಸೈಡ್ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಯುದ್ಧದ ವಿರುದ್ಧ ಮಾತಾಡಿದ್ದು ಅದೇ ಸಂಘಟನೆಯ ಸಭೆಯಲ್ಲಿ. ಹೆಶೆಲ್ ಕೂಡ ಆ ವೇದಿಕೆಯಲ್ಲಿದ್ದರು. ಎಷ್ಟೋ ಯಹೂದಿಗಳಿಗೆ ಇದು ಭಯ ಹುಟ್ಟಿಸಿತು. ಅಮೆರಿಕದ ಅಧ್ಯಕ್ಷರನ್ನು ಎದುರು ಹಾಕಿಕೊಂಡರೆ ನಾಳೆ ಇಸ್ರೇಲಿಗೆ ಸಹಾಯ ಸಿಗುತ್ತಾ ಅಂತ. ಅದೇ ವರ್ಷ, ಸುಧಾರಣಾವಾದಿ ಸಿನಗಾಗ್‌ಗಳ ಒಕ್ಕೂಟದ ಅಧ್ಯಕ್ಷ ಮಾರಿಸ್ ಐಸೆನ್‌ಡ್ರಾತ್ ಯುದ್ಧದ ವಿರುದ್ಧ ಮಾತಾಡಿದ್ದಕ್ಕೆ ಸಿಟ್ಟಾಗಿ, ನ್ಯೂಯಾರ್ಕ್ ಫಿಫ್ತ್ ಅವೆನ್ಯೂದ ಟೆಂಪಲ್ ಎಮಾನುಎಲ್ ಒಕ್ಕೂಟವನ್ನೇ ಬಿಟ್ಟಿತು. ಆಮೇಲೆ ಮರಳಿ ಬಂತು. "ನೋಡು, ನಮಗೆ ಇದು ಹೊಸದಲ್ಲ," ಅಂದರು ಅಜ್ಜಿ.

ಹೊಸದಲ್ಲ ಅನ್ನೋದು ನಾನೇ ಓದಿದಾಗ ಇನ್ನೂ ಸ್ಪಷ್ಟವಾಯಿತು. 1943ರಲ್ಲಿ ಹ್ಯೂಸ್ಟನ್ನಿನ ಬೆತ್ ಇಸ್ರೇಲ್ ಸಿನಗಾಗ್, ಯಹೂದಿಗಳಿಗೆ ಒಂದು ದೇಶ ಬೇಕು ಅನ್ನೋ ಜಿಯೊನಿಸಂ ಅನ್ನು ತಿರಸ್ಕರಿಸಿದವರಿಗೆ ಮಾತ್ರ ಪೂರ್ಣ ಸದಸ್ಯತ್ವ ಅಂದಿತು. ಒಪ್ಪದವರು ಹೊರಟು ಬೇರೆ ಸಿನಗಾಗ್ ಕಟ್ಟಿಕೊಂಡರು. 1973ರಲ್ಲಿ 'ಬ್ರೇರಾ' ಅನ್ನೋ ಗುಂಪು ಪ್ಯಾಲೆಸ್ತೀನಿಯರ ಜೊತೆ ಮಾತುಕತೆ ಆಗಲಿ ಅಂದಿತು. ಆ ಹೆಸರಿನ ಅರ್ಥ 'ಬೇರೆ ದಾರಿ'. ಅದರಲ್ಲಿದ್ದ ರಬೈಗಳ ಮೇಲೆ ಎಷ್ಟು ಒತ್ತಡ ಬಂತೆಂದರೆ 1977ರ ಹೊತ್ತಿಗೆ ಗುಂಪೇ ಮುಗಿದುಹೋಯಿತು. 2022ರಲ್ಲಿ ಷಿಕಾಗೋದ 'ತ್ಸೆದೆಕ್' ಸಿನಗಾಗ್ ಜಿಯೊನಿಸಂ ವಿರೋಧವನ್ನೇ ತನ್ನ ಮೂಲ ತತ್ವಗಳಲ್ಲಿ ಒಂದು ಅಂತ ಬರೆದುಕೊಂಡಿತು. ಒಂದೊಂದು ಕಾಲಕ್ಕೆ ಒಬ್ಬೊಬ್ಬರು ಬಾಗಿಲ ಹೊರಗೆ.

ಒಂದು ವಿಷಯ ನಿಮಗೆ ಗೊತ್ತಿರಲಿ. ಅಮೆರಿಕದಲ್ಲಿ ರಬೈಯನ್ನು ಯಾರೋ ಮೇಲಿನವರು ನೇಮಿಸಿ ಕಳಿಸೋದಿಲ್ಲ. ಸದಸ್ಯರೇ ಆರಿಸಿ, ಕರಾರು ಬರೆದು, ತಮ್ಮ ಶುಲ್ಕದಿಂದ ಸಂಬಳ ಕೊಡುತ್ತಾರೆ. ಅಂದಮೇಲೆ ಸದಸ್ಯರಿಗೆ ಕಹಿಯಾದ ಮಾತು ಆಡೋ ರಬೈ ತನ್ನ ಕೆಲಸವನ್ನೇ ಪಣಕ್ಕಿಡಬೇಕು. 1954ರ ತೆರಿಗೆ ಕಾನೂನು ಚುನಾವಣೆಯ ಅಭ್ಯರ್ಥಿಗಳ ಪರ ನಿಲ್ಲಬೇಡಿ ಅಂದಿತೇ ಹೊರತು ಯುದ್ಧದ ಬಗ್ಗೆ ಮಾತಾಡಬೇಡಿ ಅನ್ನಲಿಲ್ಲ. ಹಾಗಾಗಿ ಬಾಯಿ ಮುಚ್ಚಿಕೊಂಡರೆ ಅದು ಕಾನೂನಿನ ಕಟ್ಟಲ್ಲ, ಅವರವರ ತೀರ್ಮಾನ.

ಅಜ್ಜಿಯ ಸಿನಗಾಗ್ ಕೊನೆಗೆ ಹೇಳಿಕೆ ಕೊಡಲಿಲ್ಲ. ಪ್ರತಿ ಶನಿವಾರ ಒತ್ತೆಯಾಳುಗಳಿಗೊಂದು, ಗಾಜಾದ ಜನರಿಗೊಂದು ಪ್ರಾರ್ಥನೆ ಓದೋದು ಅಂತ ಆಯಿತು. ಒಂದಷ್ಟು ಮನೆಯವರು ಎರಡನೆಯ ಪ್ರಾರ್ಥನೆ ಸಹಿಸದೆ ಬಿಟ್ಟರು. ಒಂದಷ್ಟು ಜನ ಬರೀ ಪ್ರಾರ್ಥನೆ ಸಾಲದು ಅಂತ ಬಿಟ್ಟರು. ಅಜ್ಜಿಗೂ ಸಾಲಲಿಲ್ಲ, ಆದರೂ ಬಿಡಲಿಲ್ಲ. ತಾತನಿಗೆ ಅದೇ ಹೆಚ್ಚಾಯಿತು, ಅವರೂ ಬಿಡಲಿಲ್ಲ.

ಮೇ ತಿಂಗಳಲ್ಲಿ ತಾತ ಹೋಗಿಬಿಟ್ಟರು.

ಯಹೂದಿಗಳಲ್ಲಿ ಮಣ್ಣು ಮಾಡಿದ ಮೇಲೆ ಏಳು ದಿನ ಮನೆಯಲ್ಲೇ ಕೂರುತ್ತಾರೆ. ಅದಕ್ಕೆ 'ಶಿವಾ' ಅಂತ ಹೆಸರು. ನಮ್ಮ ಶಿವನಿಗೂ ಅದಕ್ಕೂ ಸಂಬಂಧ ಇಲ್ಲ, ಹೀಬ್ರೂ ಭಾಷೆಯಲ್ಲಿ 'ಏಳು' ಅನ್ನೋ ಪದದಿಂದ ಬಂದದ್ದು. ಕನ್ನಡಿಗೆಲ್ಲ ಬಟ್ಟೆ ಮುಚ್ಚಿದ್ದರು. ಬಂದವರಿಗೆ ಎದ್ದು ಬಾಗಿಲು ತೆಗೆಯೋ ಕೆಲಸ ಇರಬಾರದು ಅಂತ ಬೀಗ ಹಾಕಿರಲಿಲ್ಲ. ನಮ್ಮ ಕಡೆ ಸಾವಿನ ಮನೆಗೆ ಅಕ್ಕಪಕ್ಕದವರು ಅಡುಗೆ ಒಯ್ಯೋ ಹಾಗೆಯೇ ಅಲ್ಲೂ ಎಲ್ಲರೂ ಊಟ ತರುತ್ತಾರೆ. ಅವರದು ಕೋಶರ್ ಮಡಿಯ ಅಡುಗೆಮನೆ ಅಂತ ನಾನು ಹಣ್ಣು ಮಾತ್ರ ಒಯ್ದೆ.

ಸಂಜೆ ಕದ್ದಿಶ್ ಹೇಳಬೇಕು. ಅದು ಸತ್ತವರಿಗಾಗಿ ಹೇಳೋ ಪ್ರಾರ್ಥನೆ, ಆದರೆ ಅದರಲ್ಲಿ ಸಾವಿನ ಮಾತೇ ಇಲ್ಲ, ಬರೀ ದೇವರ ಸ್ತುತಿ. ಅದನ್ನು ಒಬ್ಬರೇ ಹೇಳೋ ಹಾಗಿಲ್ಲ. ಹತ್ತು ಜನ ಯಹೂದಿಗಳು ಇರಲೇಬೇಕು. ಅವರ ಪಂಥದಲ್ಲಿ ಹೆಂಗಸರೂ ಲೆಕ್ಕಕ್ಕೆ ಬರುತ್ತಾರೆ. ಐದನೆಯ ದಿನ ಜೋರು ಮಳೆ. ನಾನು ಮೂಲೆಯಲ್ಲಿ ಕೂತು ಎಣಿಸಿದೆ. ಒಂಬತ್ತು. ನಾನೊಬ್ಬಳು ಹೆಚ್ಚಿಗೆ ಇದ್ದೆ, ಆದರೆ ನನ್ನನ್ನು ಎಣಿಸೋ ಹಾಗಿಲ್ಲ. ಅಜ್ಜಿ ಪ್ರಾರ್ಥನೆ ಪುಸ್ತಕ ಕೈಯಲ್ಲಿ ಹಿಡಿದು ಬಾಗಿಲು ನೋಡುತ್ತಿದ್ದರು.

ಬಂದದ್ದು ಫೆಬ್ರವರಿಯಲ್ಲಿ ಕೂಗಾಡಿದ ಅವರೇ. ಕೋಟಿನ ನೀರು ಕೊಡವಿ ಗೋಡೆ ಪಕ್ಕ ನಿಂತರು. ಕದ್ದಿಶ್ ಶುರುವಾಯಿತು. ಜಾಗ ಜಾಗದಲ್ಲಿ 'ಆಮೆನ್' ಅಂದರು. ಮುಗಿದ ಮೇಲೆ ಅಜ್ಜಿಯ ಕೈ ಹಿಡಿದು ಏನೋ ಅಂದು ಹೊರಟರು. ಆರನೆಯ ದಿನವೂ ಬಂದರು. ಇಬ್ಬರ ಅಭಿಪ್ರಾಯದಲ್ಲಿ ಕೂದಲಷ್ಟೂ ಬದಲಾಗಿಲ್ಲ ಅಂತ ಅಜ್ಜಿಯೇ ಆಮೇಲೆ ಹೇಳಿದರು. "ಅವನು ನನ್ನ ಮಾತನ್ನು ಸರಿಯಾಗಿ ಹೇಳಿದ್ದನಲ್ಲ, ಆವತ್ತು. ನನ್ನ ಗಂಡನೇ ಅಷ್ಟು ಸರಿಯಾಗಿ ಹೇಳ್ತಿರಲಿಲ್ಲ."

ಈಗ ನಮ್ಮ ಕೂಟದ ವಿಷಯ. 2022ರ ಶುರುವಿನಲ್ಲಿ ಕರ್ನಾಟಕದ ಕಾಲೇಜುಗಳಲ್ಲಿ ಹಿಜಾಬ್ ಗಲಾಟೆ ಆಯಿತಲ್ಲ, ಆಗ ನಮ್ಮ ಗುಂಪಲ್ಲಿ ಗೆಳತಿಯೊಬ್ಬಳು ನಾಲ್ಕು ಸಾಲು ಬರೆದಳು. ನನಗೆ ಒಪ್ಪಿಗೆಯಾಗದ ಸಾಲು. ಅಡ್ಮಿನ್ ಅಳಿಸಿದರು, "ರಾಜಕೀಯ ಬೇಡ, ಪ್ಲೀಸ್" ಅಂದರು. ಅವಳು ಗುಂಪು ಬಿಟ್ಟಳು. ಯಾರೂ ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಮರುವರ್ಷ ಶಿವಮೊಗ್ಗದಲ್ಲಿ ಅವಳ ಅಮ್ಮ ತೀರಿಕೊಂಡರು. ವೀಸಾ ತೊಡಕಿನಿಂದ ಅವಳು ಹೋಗಲಾಗಲಿಲ್ಲ. ಸುದ್ದಿ ನನಗೆ ತಲುಪಿದ್ದು ಮೂರು ವಾರದ ಮೇಲೆ. ತಲುಪಿದ ಮೇಲೂ ಫೋನ್ ಮಾಡಲಿಲ್ಲ. ಇಷ್ಟು ತಡವಾಗಿ ಏನಂತ ಮಾತಾಡೋದು ಅಂತ. ನಮ್ಮಲ್ಲಿ ಜಗಳ ಆಗಿರಲಿಲ್ಲ ನೋಡಿ. ಜಗಳ ಆಗಿದ್ದರೆ ಅವಳ ಮನೆಗೆ ಹೋಗೋ ದಾರಿಯಾದರೂ ನೆನಪಿರುತ್ತಿತ್ತೋ ಏನೋ.

ಶಿವಾ ಮುಗಿದ ವಾರ ಅವಳಿಗೆ ಫೋನ್ ಮಾಡಿದೆ. "ಈಗ ಯಾಕೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಮ್ಮನ ಕೊನೆಯ ದಿನಗಳ ಬಗ್ಗೆ ಹೇಳಿದಳು. ಆಮೇಲೆ ನಾನೇ ಆ ಹಳೆಯ ನಾಲ್ಕು ಸಾಲು ತೆಗೆದೆ. ಮೊದಲು ಅವಳು ಬರೆದದ್ದನ್ನು ನನಗೆ ತಿಳಿದ ಹಾಗೆ ಹೇಳಿದೆ. "ಹಾಗಲ್ಲ," ಅಂತ ಎರಡು ಸಲ ತಿದ್ದಿದಳು. ಮೂರನೆಯ ಸಲ, "ಹ್ಞೂಂ, ಅದೇ," ಅಂದಳು.

ಇವತ್ತಿಗೂ ಆ ವಿಷಯದಲ್ಲಿ ನಾವಿಬ್ಬರೂ ಒಪ್ಪಿಲ್ಲ. ಕೂಟದ ಗುಂಪಲ್ಲಿ ನಿಯಮವೂ ಹಾಗೇ ಇದೆ. ನಿಮ್ಮ ಗುಂಪಿಂದ ಸದ್ದಿಲ್ಲದೆ ಹೊರಟವರು ಯಾರಾದರೂ ಇದ್ದರೆ, ಅವರ ನಂಬರ್ ನಿಮ್ಮ ಫೋನಲ್ಲಿ ಇನ್ನೂ ಇರಬೇಕು.