ಜೂನ್ ಒಂದರಂದು ಹುಟ್ಟಿದವರು

ಕಲಬುರಗಿ ಸೀಮೆಯ ಯಾವುದೇ ಹಳ್ಳಿಯ ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆರೆದು ನೋಡಿ. ಅರ್ಧ ಊರು ಜೂನ್ ಒಂದನೇ ತಾರೀಖಿನಂದೇ ಹುಟ್ಟಿರುತ್ತದೆ. ಮಗನನ್ನು ಶಾಲೆಗೆ ಹಾಕಲು ಬಂದ ಅಪ್ಪನಿಗೆ ಅವನು ಹುಟ್ಟಿದ ವರ್ಷದ ಮಳೆ ನೆನಪಿತ್ತು, ತೊಗರಿಯ ಧಾರಣೆ ನೆನಪಿತ್ತು, ತಾರೀಖು ಮಾತ್ರ ನೆನಪಿರಲಿಲ್ಲ. ಮಾಸ್ತರರು ಲೆಕ್ಕಕ್ಕೆ ಹೊಂದುವಂತೆ ಒಂದು ತಾರೀಖು ಬರೆದುಕೊಂಡರು. ಇದರಿಂದ ಯಾರಿಗೂ ಅಂಥ ನಷ್ಟವೇನೂ ಆಗಿಲ್ಲ. ಮೇ ತಿಂಗಳ ಕೊನೆಯ ದಿನ ಸರ್ಕಾರಿ ಕಚೇರಿಗಳಲ್ಲಿ ನಿವೃತ್ತರ ಸಾಲು ಉದ್ದವಾಗುತ್ತದೆ, ಹೂವಿನ ಅಂಗಡಿಯವನಿಗೆ ಕೈತುಂಬ ಕೆಲಸ ಸಿಗುತ್ತದೆ, ಅಷ್ಟೆ.

ಬಾಲಮಂದಿರದಲ್ಲಿ ಬೆಳೆದ ಹುಡುಗನ ಮಾತು ಬೇರೆ. ಜೂನ್ ಒಂದಕ್ಕೆ ಅವನಿಗೆ ಹದಿನೆಂಟು ತುಂಬುತ್ತದೆ. ಹದಿನೆಂಟು ತುಂಬಿದವನು ಬಾಲಕನಲ್ಲ. ಬಾಲಕನಲ್ಲದವನಿಗೆ ಬಾಲಮಂದಿರದಲ್ಲಿ ಜಾಗವಿಲ್ಲ. ಪಿಯುಸಿ ಪಾಸಾಗಿ ಡಿಗ್ರಿ ಕಾಲೇಜಿನ ಅರ್ಜಿ ಕೈಯಲ್ಲಿ ಹಿಡಿದು ನಿಲ್ಲುವ ಹೊತ್ತೂ ಅದೇ. ಮಲಗುವ ಮಂಚ, ಉಣ್ಣುವ ತಟ್ಟೆ, ಓದುವ ಪುಸ್ತಕ ಮೂರನ್ನೂ ಒಂದೇ ತಿಂಗಳಲ್ಲಿ ಹೊಸದಾಗಿ ಹುಡುಕಬೇಕು.

ಇಂಥವನ ಹೆಸರು ಏನಾದರೂ ಇರಬಹುದು. ಊರು ಆಳಂದದ ಕಡೆಯದಿರಬಹುದು, ಅಫಜಲಪುರದ್ದೋ ಜೇವರ್ಗಿಯದೋ ಇರಬಹುದು. ಕಥೆ ಹೆಚ್ಚು ಬದಲಾಗದು. ಅಪ್ಪ ಪುಣೆಗೆ ಗುಳೆ ಹೋದವನು ತಿರುಗಿ ಬರಲಿಲ್ಲ. ಅವ್ವ ಜಡ್ಡಿಗೆ ಬಿದ್ದು ಹೋದಳು. ಅಜ್ಜಿ ಕೈಲಾಗುವವರೆಗೆ ರೊಟ್ಟಿ ಬಡಿದು ಹಾಕಿದಳು. ಆಮೇಲೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶ, ಕಲಬುರಗಿಯ ಬಸ್ಸು, ಬಾಲಮಂದಿರ. ಅಲ್ಲಿ ಹುಡುಗ ಓದಿದ, ಚೆನ್ನಾಗಿಯೇ ಓದಿದ. ಡಿಗ್ರಿಗೆ ತನ್ನ ತಾಲ್ಲೂಕಿನ ಕಾಲೇಜಿಗೇ ಹೋಗಬೇಕೆಂದು ಅವನ ಆಸೆ. ಅಲ್ಲಿ ತನ್ನವರು ಇದ್ದಾರೆಂದಲ್ಲ; ಇದ್ದರಲ್ಲ ಎಂದು.

ಕೌಂಟರಿನಲ್ಲಿದ್ದ ಗುಮಾಸ್ತರು ಅರ್ಜಿಯನ್ನು ತಿರುಗಿಸಿ ನೋಡಿದರು.

"ಪಾಲಕರ ಸಹಿ ಎಲ್ಲದಪಾ? ನಿಮ್ಮಪ್ಪಗ ಕರ್ಕೊಂಡು ಬಾ."

"ಇಲ್ರೀ ಸರ್."

"ಊರಾಗ ಇಲ್ಲೇನು? ನಾಳಿಗಿ ಬರ್ಲಿ ತಗೋ."

"ಊರಾಗ ಅಲ್ರೀ, ಇಲ್ಲೇ ಇಲ್ಲ."

ಗುಮಾಸ್ತರು ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. ಕೆಟ್ಟ ಮನುಷ್ಯರಲ್ಲ. "ಹಂಗಾದ್ರ ಕಾಕಾಗ ಕರ್ಕೊಂಡು ಬಾ ತಮ್ಮಾ" ಎಂದರು. ಕಾಕಾ ಎಂಬವನಾದರೂ ಎಲ್ಲರಿಗೂ ಇದ್ದೇ ಇರುತ್ತಾನೆಂಬುದು ಅವರ ನಂಬಿಕೆ.

ಇಲ್ಲಿರುವ ತಮಾಷೆ ನೋಡಿ. ನೀನು ದೊಡ್ಡವನಾದೆ, ಹೊರಗೆ ನಡಿ ಎನ್ನುತ್ತದೆ ಒಂದು ಬಾಗಿಲು. ನೀನಿನ್ನೂ ಚಿಕ್ಕವನು, ದೊಡ್ಡವರನ್ನು ಕರೆದುಕೊಂಡು ಬಾ ಎನ್ನುತ್ತದೆ ಇನ್ನೊಂದು. ಎರಡು ಬಾಗಿಲುಗಳ ನಡುವಿನ ಬಿಸಿಲಲ್ಲಿ ಹುಡುಗ ನಿಂತಿರುತ್ತಾನೆ. ಜೂನ್ ತಿಂಗಳಾದರೂ ಕಲಬುರಗಿಯ ಬಿಸಿಲು.

ಕಾನೂನು ಇವನನ್ನು ಮರೆತಿದೆ ಎಂದರೆ ತಪ್ಪಾದೀತು. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಮು ಇವನಿಗೆಂದೇ ಇದೆ. ಹದಿನೆಂಟು ತುಂಬಿ ಹೊರಹೋಗುವವರಿಗೆ ಹಣಕಾಸಿನ ನೆರವು ಕೊಡಬಹುದು ಎನ್ನುತ್ತದೆ. ಕೊಡಲೇಬೇಕು ಎಂದಿಲ್ಲ, ಕೊಡಬಹುದು ಎಂದಿದೆ. ಆ ಒಂದು 'ಬಹುದು'ವಿನಲ್ಲಿ ಎಷ್ಟು ಕಡತಗಳು ಮಲಗಿವೆಯೋ. ಇದಕ್ಕೆ ಅನುಪಾಲನೆ ಎಂಬ ಅಂದವಾದ ಹೆಸರೂ ಉಂಟು. 2016ರ ಮಾದರಿ ನಿಯಮಗಳ ಪ್ರಕಾರ ಇದು ಇಪ್ಪತ್ತೊಂದರವರೆಗೆ, ವಿಶೇಷ ಸಂದರ್ಭದಲ್ಲಿ ಇಪ್ಪತ್ಮೂರರವರೆಗೆ ಸಿಗಬಹುದು. ಆರೆಂಟು ಜನ ಕೂಡಿ ಇರಲು ಮನೆ, ಉನ್ನತ ಶಿಕ್ಷಣಕ್ಕೆ ವಿದ್ಯಾರ್ಥಿವೇತನ, ಆಗಾಗ ಕಂಡು ಮಾತಾಡಿಸಲು ಒಬ್ಬ ಸಲಹೆಗಾರ ಎಲ್ಲವೂ ಅದರಲ್ಲಿದೆ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ತಿಂಗಳಿಗೆ 4,000 ರೂಪಾಯಿ ಎಂದು ನಿಗದಿಯಾಯಿತು. ಹೊರಹೋಗುವ ಎರಡು ತಿಂಗಳು ಮೊದಲೇ ಅವನ ಮುಂದಿನ ಬದುಕಿನ ಯೋಜನೆ ಬರೆದು ಸಮಿತಿಗೆ ಒಪ್ಪಿಸಬೇಕೆಂದೂ ಇದೆ. ಜೂನ್ ಒಂದರ ಹುಡುಗನಿಗೆ ಅದು ಏಪ್ರಿಲ್ ಒಂದು. ಆ ಹೊತ್ತಿಗೆ ಪಿಯುಸಿ ಫಲಿತಾಂಶಕ್ಕೆ ಕಾಯುವ ಹುಡುಗ ತನ್ನ ಪಾಲಿಗೆ ಇಂಥದೊಂದು ನಿಯಮವಿದೆಯೆಂದು ಎಲ್ಲಿ ಓದಿಕೊಂಡಾನು? ಬರೆಯಬೇಕಾದವರು ಬರೆದರೆ ಉಂಟು, ಮರೆತರೆ ಇಲ್ಲ.

ಉಳಿದ ಮಕ್ಕಳಿಗೆ ಇರುವ ದಾರಿಗಳೂ ಇವನಿಗೆ ಅರ್ಧ ಮುಚ್ಚಿವೆ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ಲಿಗೆ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ನಾಡಕಚೇರಿಯಲ್ಲಿ ಜಾತಿ ಬರುವುದು ಅಪ್ಪನ ದಾಖಲೆಯ ಮೇಲಿಂದ. ಹಿಂದುಳಿದ ವರ್ಗದ ಹಾಸ್ಟೆಲ್, ವಿದ್ಯಾಸಿರಿ ಇವೂ ಅದೇ ಕಾಗದವನ್ನು ಕೇಳುತ್ತವೆ. ಸಂವಿಧಾನದ 371(ಜೆ) ವಿಧಿ ಈ ಭಾಗದ ಮಕ್ಕಳಿಗೆ ದೊಡ್ಡ ಆಸರೆ. ಎಷ್ಟೋ ಮನೆಗಳಲ್ಲಿ ಮೊದಲ ಡಾಕ್ಟರು, ಮೊದಲ ಎಂಜಿನಿಯರು ಅದರಿಂದಲೇ ಆದದ್ದು. ಅದರ ಅರ್ಹತಾ ಪತ್ರಕ್ಕೂ ಈ ನೆಲದ ಬೇರು ತೋರಿಸಬೇಕು. ಬೇರೇ ಕಿತ್ತುಹೋದವನು ಏನು ತೋರಿಸಿಯಾನು?

ಕೋವಿಡ್ ಕಾಲದಲ್ಲಿ ಸರ್ಕಾರದ ಮನಸ್ಸು ಕರಗಿತು. 2021ರಲ್ಲಿ ಬಂದ ಪಿಎಂ ಕೇರ್ಸ್ ಮಕ್ಕಳ ಯೋಜನೆಯಲ್ಲಿ, ಆ ರೋಗದಿಂದ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವರಿಗೆ ಹದಿನೆಂಟರಿಂದ ಮಾಸಿಕ ಹಣ, ಇಪ್ಪತ್ಮೂರಕ್ಕೆ ಹತ್ತು ಲಕ್ಷ ರೂಪಾಯಿ. ಒಳ್ಳೆಯದೇ ಆಯಿತು. ಆದರೆ ಹಾವು ಕಚ್ಚಿ ಸತ್ತ ಅಪ್ಪನ, ಕ್ಷಯದಿಂದ ತೀರಿದ ಅವ್ವನ ಮಗ ಅದೇ ಬೆಂಚಿನಲ್ಲಿ ಕೂತಿರುತ್ತಾನಲ್ಲ, ಅವನಿಗೆ ಇದನ್ನು ಹೇಗೆ ತಿಳಿಸಿ ಹೇಳುವುದು?

ಗಡಿಯಾಚೆಯದು ಇನ್ನೊಂದು ಲೆಕ್ಕ. ಅಫಜಲಪುರದಿಂದ ಅಕ್ಕಲಕೋಟೆ ದೂರವೇನಲ್ಲ, ಆಳಂದದಿಂದ ಉಮರ್ಗಾವೂ ಅಷ್ಟೆ. ಆ ಮಹಾರಾಷ್ಟ್ರದಲ್ಲಿ 2018ರ ಜನವರಿಯಲ್ಲೇ ಅನಾಥ ಮಕ್ಕಳಿಗೆ ಶಿಕ್ಷಣ, ನೌಕರಿ ಎರಡರಲ್ಲೂ ಶೇಕಡಾ ಒಂದರ ಮೀಸಲಾತಿ ಕೊಡಲು ಸಂಪುಟ ತೀರ್ಮಾನಿಸಿತು. ಅಪ್ಪ ಅವ್ವ ಇಲ್ಲದಿರುವುದೇ ಒಂದು ಅರ್ಹತೆ ಎಂದು ಒಪ್ಪಿದಂತಾಯಿತು.

ಅನ್ನಕ್ಕೇನೂ ಈ ನಾಡಿನಲ್ಲಿ ಬರವಿಲ್ಲ. ಶರಣಬಸವೇಶ್ವರರ ದಾಸೋಹದ ಊರು ಇದು. ಗಾಣಗಾಪುರದಲ್ಲಿ ಮಾಧುಕರಿ ಬೇಡಿ ಉಣ್ಣುವುದೇ ಒಂದು ವ್ರತ. ಹಸಿದು ಬಂದವನನ್ನು ಯಾವ ಊರವನಪ್ಪಾ ಎಂದು ಕೇಳುವ ಮೊದಲೇ ತಟ್ಟೆ ಇಡುವ ಜನ. ಸಹಿ ಮಾತ್ರ ಯಾವ ದಾಸೋಹದಲ್ಲೂ ಬಡಿಸುವುದಿಲ್ಲ.

ಹುಡುಗ ಬಾಲಮಂದಿರದ ಅಧೀಕ್ಷಕರ ಹತ್ತಿರ ಹೋಗಿ ದುಂಡು ಮುದ್ರೆ ಹಾಕಿಸಿಕೊಂಡು ಬಂದ. ಇದು ಕಚೇರಿಯದಾಯಿತು, ಮನುಷ್ಯರದು ಬೇಕು ಎಂದರು. ಮೂರನೇ ದಿನ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಕನ್ನಡದ ಉಪನ್ಯಾಸಕರೊಬ್ಬರು ಅರ್ಜಿ ಇಸಿದುಕೊಂಡು ಹುಟ್ಟಿದ ತಾರೀಖು ನೋಡಿದರು. "ಹದಿನೆಂಟು ತುಂಬ್ಯಾವಲ್ರೀ ಇವಗ. ಓಟು ಹಾಕಾಕ ಯಾರ್ ಸಹಿ ಬೇಕ್ರಿ? ಅವನೇ ಮಾಡ್ತಾನ ಬಿಡ್ರಿ" ಎಂದರು. ಗುಮಾಸ್ತರಿಗೂ ಹೌದೆನಿಸಿತು. ಹುಡುಗ ವಿದ್ಯಾರ್ಥಿಯ ಸಹಿ ಇರುವಲ್ಲಿ ತನ್ನ ಹೆಸರು ಬರೆದ, ಪಾಲಕರ ಸಹಿ ಇರುವಲ್ಲಿಯೂ ಬರೆದ. ಎರಡನೆಯದನ್ನು ಸ್ವಲ್ಪ ದೊಡ್ಡವರ ಹಾಗೆ ವಾರೆಯಾಗಿ ಬರೆದ. ಖಾಯಂ ವಿಳಾಸ ಎಂಬಲ್ಲಿ ಬಾಲಮಂದಿರದ ವಿಳಾಸವನ್ನೇ ತುಂಬಿದ. ಕಾಗದ ಬಂದರೆ ಅಲ್ಲಿಗೇ ಬರಬೇಕು, ಅವನು ಮಾತ್ರ ಅಲ್ಲಿ ಮಲಗುವಂತಿಲ್ಲ.

ದೀಪಾವಳಿಗೆ ಜೊತೆಯವರೆಲ್ಲ ಚೀಲ ಕಟ್ಟಿಕೊಂಡು ಊರಿಗೆ ಹೊರಟರು. ಅವನೂ ಹೊರಟ. ಕಲಬುರಗಿಗೆ ಬಂದು ಬಾಲಮಂದಿರದ ಗೇಟಿನಲ್ಲಿ ನಿಂತ. ಒಳಗಿಂದ ನಾಲ್ಕಾರು ಹುಡುಗರು ಕೂಗುತ್ತ ಓಡಿ ಬಂದರು. ಕಾವಲುಗಾರ ಭೇಟಿಗೆ ಬಂದವರ ಪುಸ್ತಕ ಮುಂದಿಟ್ಟ. ಹೆಸರು ಬರೆದ, ಹೊತ್ತು ಬರೆದ. ಮುಂದಿನ ಕಾಲಮ್ಮಿನಲ್ಲಿ ಮಕ್ಕಳೊಂದಿಗಿನ ಸಂಬಂಧ ಎಂದಿತ್ತು. ಪೆನ್ನು ಹಿಡಿದು ಒಂದು ಗಳಿಗೆ ಸುಮ್ಮನೆ ನಿಂತು, ಆಮೇಲೆ 'ಅಣ್ಣ' ಎಂದು ಬರೆದು ಒಳಗೆ ಹೋದ.