ಮುಳುಗಡೆ ಊರಿನ ಹನ್ನೊಂದು ಫ್ಲಾಪಿಗಳು

ಕಂಪ್ಯೂಟರಿನಲ್ಲಿ ಬರೆದದ್ದನ್ನು ಉಳಿಸಲು ಒತ್ತುವ ಗುಂಡಿಯ ಮೇಲೆ ಒಂದು ಚೌಕದ ಚಿತ್ರ ಇರುತ್ತದಲ್ಲ, ಅದೇ ಫ್ಲಾಪಿ. ಇಪ್ಪತ್ತೈದು ವರ್ಷದ ಹಿಂದೆ ಸಾಗರ, ತೀರ್ಥಹಳ್ಳಿ ಪೇಟೆಯ ಡಿಟಿಪಿ ಸೆಂಟರುಗಳಿಗೆ ಹೋದವರಿಗೆ ಇದರ ನೆನಪಿರಬಹುದು. ಮದುವೆ ಕಾಗದ, ಸೊಸೈಟಿಯ ವಾರ್ಷಿಕ ವರದಿ, ದೇವಸ್ಥಾನದ ಸ್ಮರಣ ಸಂಚಿಕೆ ಎಲ್ಲ ಇದರಲ್ಲೇ ಕೂತು ಡಿಟಿಪಿ ಅಂಗಡಿಯಿಂದ ಪ್ರೆಸ್ಸಿಗೆ ಹೋಗುತ್ತಿದ್ದವು. ಮೂರೂವರೆ ಇಂಚಿನ ಪ್ಲಾಸ್ಟಿಕ್ ಚೌಕ, ಒಳಗೆ ಕ್ಯಾಸೆಟ್ ಟೇಪಿನಂಥದೇ ತೆಳು ತಟ್ಟೆ, ಅದನ್ನು ಮುಚ್ಚಲು ಸರಿಯುವ ತಗಡಿನ ಬಾಗಿಲು. ಹಿಡಿಯುವುದು 1.44 ಎಂಬಿ. ಈಗಿನ ಫೋನಿನಲ್ಲಿ ತೆಗೆದ ಒಂದು ಒಳ್ಳೆಯ ಫೋಟೋ ಎರಡು ಫ್ಲಾಪಿಯಲ್ಲೂ ಹಿಡಿಸುವುದಿಲ್ಲ.

ಹೊಸನಗರ ತಾಲೂಕಿನ ಒಂದು ಮನೆಯಲ್ಲಿ ಇಂಥ ಹನ್ನೊಂದು ಫ್ಲಾಪಿ ಇದ್ದವು. ಮನೆಯ ಯಜಮಾನರು ಪ್ರಾಥಮಿಕ ಶಾಲೆ ಮೇಷ್ಟ್ರಾಗಿದ್ದವರು, ಈಗ ಇಲ್ಲ. ಅವರ ಹುಟ್ಟೂರು ಶರಾವತಿ ನೀರಿನ ಅಡಿಯಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನೀರು 1819 ಅಡಿಗೆ ಏರಿದರೆ ಜಲಾಶಯ ತುಂಬಿತು ಎಂದು ನಾವು ಪೇಪರಿನಲ್ಲಿ ಓದುತ್ತೇವೆ. ಮೇಷ್ಟ್ರಂಥವರಿಗೆ ಆ ಅಡಿಗಳ ಲೆಕ್ಕ ಬೇರೆ. ಎಷ್ಟು ಅಡಿಗೆ ಯಾರ ಗದ್ದೆ ಹೋಯಿತು, ಎಷ್ಟು ಅಡಿಗೆ ಯಾರ ಜಗಲಿಗೆ ನೀರು ಬಂತು ಎಂದು ಅವರು ಎಣಿಸುತ್ತಿದ್ದರಂತೆ. ಬೇಸಿಗೆಯಲ್ಲಿ ನೀರು ಇಳಿದಾಗ 1948ರ ಮಡೆನೂರು ಅಣೆಕಟ್ಟು ಮೇಲೆ ಏಳುತ್ತದೆ. ಅದನ್ನು ನೋಡಲು ಜನ ಹೋಗಿ ಸೆಲ್ಫಿ ತೆಗೆದುಕೊಂಡು ಬರುತ್ತಾರೆ. ಮನೆಗಳು ಹಾಗೆ ಏಳುವುದಿಲ್ಲ. ಮಣ್ಣಿನ ಗೋಡೆ ಎಷ್ಟು ದಿನ ನಿಂತೀತು?

ನಿವೃತ್ತಿಯಾದ ಮೇಲೆ ಮೇಷ್ಟ್ರು ಒಂದು ಕೆಲಸ ಹಚ್ಚಿಕೊಂಡರು. ಜಿಲ್ಲೆಯಲ್ಲಿ ಅಲ್ಲಲ್ಲಿ ಚದುರಿ ಹೋದ ಮುಳುಗಡೆ ಮನೆತನಗಳನ್ನು ಹುಡುಕಿಕೊಂಡು ಬಸ್ಸಿನಲ್ಲಿ, ನಡೆದು ಹೋಗುವುದು. ಹಳೇ ಊರಲ್ಲಿ ಯಾರ ಮನೆ ಎಲ್ಲಿತ್ತು, ಪಕ್ಕದ ಮನೆ ಯಾರದ್ದು, ಬಾವಿ ಯಾವ ಕಡೆ, ಬನ ಎಲ್ಲಿ, ತೋಟಕ್ಕೆ ಏನು ಹೆಸರು ಎಂದು ಕೇಳಿ ನೋಟ್ ಬುಕ್ಕಿನಲ್ಲಿ ಬರೆಯುವುದು. ಹೀಗೆ ಬರೆದದ್ದನ್ನು ಸಾಗರದ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದರು. ಪುಸ್ತಕ ಆಗಬೇಕಿತ್ತು. ಅಚ್ಚಿಗೆ ಬೇಕಾದಷ್ಟು ದುಡ್ಡು ಕೂಡಲಿಲ್ಲ. ಅಂಗಡಿ ಮುಚ್ಚುವಾಗ ಅದರ ಮಾಲೀಕ ಫ್ಲಾಪಿಗಳನ್ನು ಒಂದು ಸಿಹಿತಿಂಡಿ ಡಬ್ಬಿಯಲ್ಲಿ ಹಾಕಿ ಮನೆಗೇ ತಂದು ಕೊಟ್ಟ. ಆ ಪುಣ್ಯಾತ್ಮನಿಗೆ ನಮಸ್ಕಾರ ಹೇಳಬೇಕು. ಯಾಕೆಂದರೆ ನೋಟ್ ಬುಕ್ಕುಗಳನ್ನು ಅಟ್ಟದ ಮೇಲೆ ಒರಲೆ ತಿಂದು ಹಾಕಿತ್ತು.

ಹೋದ ಬೇಸಿಗೆಯಲ್ಲಿ ಮೇಷ್ಟ್ರ ಮಗಳು ನಮಗೆ ಹೇಳಿ ಕಳಿಸಿದರು. ನಾವು ಅಂದರೆ ಪತ್ರಿಕೋದ್ಯಮ ಓದಿ ಊರಿಗೆ ಬಂದ ಮೂವರು, ಸಾಗರದವರೊಬ್ಬರು, ಹೊಸನಗರದವರೊಬ್ಬರು, ತೀರ್ಥಹಳ್ಳಿಯವರೊಬ್ಬರು. ಊರವರ ಲೆಕ್ಕದಲ್ಲಿ ಪತ್ರಿಕೆ ಓದು ಓದಿದವರಿಗೆ ಪಹಣಿ ತಿದ್ದುಪಡಿಯಿಂದ ಟಿವಿ ರಿಮೋಟಿನ ತನಕ ಎಲ್ಲ ಗೊತ್ತಿರುತ್ತದೆ.

"ಅಪ್ಪನ ಪುಸ್ತಕ ಓದಬೇಕು ಅಂತ ಆಸೆ ಇದ್ದಿದ್ದು ಹೌದು. ಆದ್ರೆ ಈಗ ಬೇರೆ ಅರ್ಜೆಂಟ್ ಐತೆ" ಅಂದರು ಅಕ್ಕ. ಅವರ ಪಕ್ಕದ ಕೇರಿಯ ಒಂದು ಕುಟುಂಬ ಭೂಮಿಯ ಹಕ್ಕುಪತ್ರಕ್ಕೆ ಓಡಾಡುತ್ತಿತ್ತು. ಮುಳುಗಡೆಯಾಗಿ ಅರವತ್ತು ವರ್ಷ ಕಳೆದರೂ ಸಂತ್ರಸ್ತರ ಹಕ್ಕುಪತ್ರದ ರಗಳೆ ಮುಗಿಯದೇ ಇರುವುದು ನಮ್ಮ ಕಡೆಯ ಓದುಗರಿಗೆ ಹೇಳಬೇಕಾದ ವಿಷಯವಲ್ಲ. ಆ ಮನೆಯ ಹುಡುಗನಿಗೆ ಅಜ್ಜನ ಊರಿನ ಹೆಸರು ಗೊತ್ತಿತ್ತು, ಮಜರೆಯ ಹೆಸರು ಗೊತ್ತಿರಲಿಲ್ಲ. ಅಜ್ಜನ ಅಪ್ಪನ ಹೆಸರೂ ಸರಿಯಾಗಿ ತಿಳಿದಿರಲಿಲ್ಲ. ಹಳೇ ದಾಖಲೆಯ ನಕಲು ಕೇಳಬೇಕಾದರೆ ಯಾವ ಹೆಸರಿನಲ್ಲಿ ಕೇಳುವುದು? ಮೇಷ್ಟ್ರು ಆ ಮನೆಗೂ ಹೋಗಿ ಬರೆದುಕೊಂಡಿದ್ದರು ಎನ್ನುವುದು ಮಾತ್ರ ಎಲ್ಲರಿಗೂ ನೆನಪಿತ್ತು.

ಹೊಸ ಲ್ಯಾಪ್‌ಟಾಪುಗಳಲ್ಲಿ ಫ್ಲಾಪಿ ಹಾಕುವ ಜಾಗವೇ ಇಲ್ಲ. ಸೋನಿ ಕಂಪನಿ ಫ್ಲಾಪಿ ಮಾರುವುದನ್ನು 2011ರಲ್ಲೇ ನಿಲ್ಲಿಸಿತು. (ಅದೇ ಜಪಾನಿನ ಸರ್ಕಾರಿ ಕಚೇರಿಗಳಲ್ಲಿ ಕೆಲವು ಅರ್ಜಿಯನ್ನು ಫ್ಲಾಪಿಯಲ್ಲೇ ಕೊಡಬೇಕೆಂಬ ನಿಯಮಗಳು 2024ರ ತನಕ ಇದ್ದವು! ನಮ್ಮ ತಾಲೂಕು ಕಚೇರಿಯನ್ನು ಬೈಯುವಾಗ ಇದು ನೆನಪಿರಲಿ.) ಆದರೆ ಹೊರಗಿನಿಂದ ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸುವ ಫ್ಲಾಪಿ ಡ್ರೈವ್ ಈಗಲೂ ಆನ್‌ಲೈನಿನಲ್ಲಿ ಸಿಗುತ್ತದೆ. ತೆಳ್ಳಗಿನ ಟಿಫಿನ್ ಡಬ್ಬಿಯ ಗಾತ್ರದ್ದು. ಮೂವರೂ ದುಡ್ಡು ಹಾಕಿ ಒಂದನ್ನು ತರಿಸಿದೆವು. ಬೇರೆ ಕರೆಂಟ್ ಬೇಡ, ಲ್ಯಾಪ್‌ಟಾಪಿನಿಂದಲೇ ಎಳೆದುಕೊಳ್ಳುತ್ತದೆ. ಸಿಕ್ಕಿಸಿದ ತಕ್ಷಣ 'ಎ' ಡ್ರೈವ್ ಅಂತ ತೋರಿಸಿತು. ಫೋನಿಗೆ ಓಟಿಜಿ ಹಾಕಿ ನೋಡಿದೆವು, ನಮ್ಮ ಯಾರ ಫೋನೂ ಅದನ್ನು ಗುರುತಿಸಲಿಲ್ಲ.

ಡ್ರೈವ್ ಬಂದ ದಿನವೇ ಮೇಷ್ಟ್ರ ಫ್ಲಾಪಿ ಹಾಕಲಿಲ್ಲ. ಮೊದಲು ತೀರ್ಥಹಳ್ಳಿಯವರ ಚಿಕ್ಕಪ್ಪನ ಹಳೇ ಫ್ಲಾಪಿ ಒಂದನ್ನು ಪರೀಕ್ಷೆಗೆ ಹಾಕಿದೆವು. ಡ್ರೈವ್ ಗರ್ ಗರ್ ಎಂದು ತಿರುಗಿ, ಕಟಕಟ ಹಲ್ಲು ಕಡಿದು, ಒಂದು ಉಪನಯನದ ಆಮಂತ್ರಣ ಪತ್ರಿಕೆಯನ್ನು ಹೊರಗೆ ಹಾಕಿತು. ಆ ವಟುವಿಗೆ ಈಗ ಇಬ್ಬರು ಮಕ್ಕಳು.

ನಮ್ಮ ಮಲೆನಾಡಿನಲ್ಲಿ ಫ್ಲಾಪಿಯ ಶತ್ರು ಮಳೆ. ಹುಲಿಕಲ್ಲು ಹೊಸನಗರ ತಾಲೂಕಿನದು, ಆಗುಂಬೆ ತೀರ್ಥಹಳ್ಳಿ ತಾಲೂಕಿನದು, ಇನ್ನು ಹೇಳುವುದೇನು? ಚಪ್ಪಲಿಗೂ ಬೆಲ್ಟಿಗೂ ಬರುವ ಬೂಷ್ಟು ಫ್ಲಾಪಿಯ ತಟ್ಟೆಗೂ ಬರುತ್ತದೆ. ತಗಡಿನ ಬಾಗಿಲನ್ನು ಉಗುರಿನಿಂದ ಸರಿಸಿ, ಹಿಂದಿನ ಲೋಹದ ಗುಂಡುಬಿಲ್ಲೆ ತಿರುಗಿಸುತ್ತ ಬೆಳಕಿಗೆ ಹಿಡಿದರೆ ಬಿಳಿ ಚುಕ್ಕೆ ಕಾಣುತ್ತದೆ. ಹಾಗೆ ಚುಕ್ಕೆ ಇರುವುದನ್ನು ಡ್ರೈವಿಗೆ ಹಾಕಬಾರದು. ಓದುವ ತಲೆ ತಟ್ಟೆಯ ಮೇಲೇ ಉಜ್ಜಿಕೊಂಡು ಹೋಗುವುದರಿಂದ ಬೂಷ್ಟು ಅದಕ್ಕೆ ಮೆತ್ತಿಕೊಂಡು, ಆಮೇಲೆ ಹಾಕಿದ ಒಳ್ಳೆಯ ಫ್ಲಾಪಿಯನ್ನೂ ಗೀರಿ ಹಾಳು ಮಾಡುತ್ತದೆ. ಹನ್ನೊಂದರಲ್ಲಿ ಎರಡಕ್ಕೆ ಹೀಗೆ ಬೂಷ್ಟು ಬಂದಿತ್ತು, ಅವನ್ನು ಬೇರೆ ಇಟ್ಟೆವು. ಉಳಿದ ಒಂಬತ್ತರ ಮೂಲೆಯ ಸಣ್ಣ ಕಿಟಕಿಯನ್ನು ತೆರೆದೆವು. ಆ ಕಿಟಕಿಯಲ್ಲಿ ಆಚೆ ಕಡೆ ಕಾಣುವಂತಿದ್ದರೆ ಕಂಪ್ಯೂಟರ್ ಓದುತ್ತದೆ, ಬರೆಯಲು ಮಾತ್ರ ಆಗುವುದಿಲ್ಲ. ಹಳೇ ಫ್ಲಾಪಿ ಹಾಕಿದಾಗ ಕೆಲವು ಸಲ ವಿಂಡೋಸ್ 'ಇದನ್ನು ಫಾರ್ಮ್ಯಾಟ್ ಮಾಡಲೇ' ಎಂದು ಕೇಳುತ್ತದೆ. ಯಾವ ಕಾರಣಕ್ಕೂ ಹೌದು ಎನ್ನಬೇಡಿ.

ಫೈಲುಗಳನ್ನು ಒಂದೊಂದಾಗಿ ತೆರೆಯುವ ಮೊದಲು ಇಡೀ ಫ್ಲಾಪಿಯ ಪಡಿಯಚ್ಚು ತೆಗೆದುಕೊಳ್ಳುವುದು ಒಳ್ಳೆಯದು. ಒಂದು ಫ್ಲಾಪಿಯಲ್ಲಿ ಎರಡು ಮುಖ, ಮುಖಕ್ಕೆ 80 ಸುತ್ತು, ಸುತ್ತಿಗೆ 18 ತುಂಡು, ತುಂಡಿಗೆ 512 ಬೈಟ್. ಒಟ್ಟು 2,880 ತುಂಡು. ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನವಿದೆ. ಅದು ಸುಲಭವಾಗಿ ಬರುವ ತುಂಡುಗಳನ್ನೆಲ್ಲ ಮೊದಲು ಎತ್ತಿಕೊಂಡು, ಹಟ ಹಿಡಿದವನ್ನು ಆಮೇಲೆ ಮತ್ತೆ ಮತ್ತೆ ಕೇಳುತ್ತದೆ. ಅಡಿಕೆ ಕೊಯ್ಯುವವರು ಕೈಗೆ ಸಿಕ್ಕ ಗೊನೆ ಇಳಿಸಿ, ಕಷ್ಟದ ಮರಕ್ಕೆ ಆಮೇಲೆ ಬಂದಹಾಗೆ. ಆರು ಫ್ಲಾಪಿ ಪೂರ್ತಿ ಬಂದವು. ಮೂರು ಅರೆಬರೆ.

ಬಂತಲ್ಲ ಅಂತ ಫೈಲು ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕೆ, ಪೌಂಡಿನ ಗುರುತು ಎಲ್ಲ ಸೇರಿದ ಕಲಸುಮೇಲೋಗರ. ಅಕ್ಕ ನಮ್ಮ ಮುಖ ನೋಡಿದರು. ಇದು ಫ್ಲಾಪಿಯ ತಪ್ಪಲ್ಲ, ಆ ಕಾಲದ ಕನ್ನಡದ ಪಾಡು. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಡಿಟಿಪಿ ಅಂಗಡಿಗಳಲ್ಲಿ ಅದು ಬಳಕೆಗೆ ಬರಲು ತುಂಬ ವರ್ಷ ಹಿಡಿಯಿತು. ಅಲ್ಲಿಯ ತನಕ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರ ಕೂರಿಸುವ ಉಪಾಯ ನಡೆಯಿತು. ಅದೂ ಒಬ್ಬೊಬ್ಬರದು ಒಂದೊಂದು ಥರ. ಶ್ರೀಲಿಪಿಯದು ಒಂದು, ಆಕೃತಿಯದು ಇನ್ನೊಂದು, 1998ರಲ್ಲಿ ಬಂದ ಬರಹ, ಆಮೇಲಿನ ನುಡಿ. ಆ ಫಾಂಟ್ ಕಂಪ್ಯೂಟರಿನಲ್ಲಿ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಒಂದು ಲಾಭವೂ ಇತ್ತೆನ್ನಿ. ಒಂದು ಚಿತ್ರಕ್ಕೆ ಒಂದು ಬೈಟ್ ಸಾಕಾಗುತ್ತಿದ್ದುದರಿಂದ ಬರೀ ಬರಹವಾದರೆ ನೂರಾರು ಪುಟ ಒಂದೇ ಫ್ಲಾಪಿಯಲ್ಲಿ ಕೂರುತ್ತಿತ್ತು. ಈಗ ಅದೇ ಬರಹವನ್ನು ಯುನಿಕೋಡಿನಲ್ಲಿ ಇಟ್ಟರೆ ಸಾಮಾನ್ಯವಾಗಿ ಒಂದೊಂದು ಗುರುತಿಗೆ ಮೂರು ಬೈಟ್.

ನುಡಿ, ಬರಹದಲ್ಲಿ ಬರೆದದ್ದನ್ನು ಯುನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳು ಸಿಗುತ್ತವೆ. ಮೇಷ್ಟ್ರ ಫೈಲಿನ ಫಾಂಟ್ ಅವೆರಡೂ ಅಲ್ಲ. ಪರಿವರ್ತಕಕ್ಕೆ ಹಾಕಿದರೆ ಒಂದು ಕಸ ಇನ್ನೊಂದು ಕಸವಾಗಿ ಬಂತು. ಆಗ ಕೆಲಸಕ್ಕೆ ಬಂದವರು ಮೇಷ್ಟ್ರ ಹೆಂಡತಿ. ಎಂಬತ್ತರ ಅಮ್ಮ. ಒಳಗೆ ಹೋಗಿ ತಮ್ಮ ಹಾಡಿನ ಪುಸ್ತಕದ ನಡುವಿನಿಂದ ಎರಡು ಹಾಳೆ ತಂದರು. ಡಿಟಿಪಿ ಅಂಗಡಿಯವರು ತಿದ್ದಲು ಕೊಟ್ಟಿದ್ದ ಪ್ರೂಫ್, ಮೇಷ್ಟ್ರ ಕೆಂಪು ಶಾಯಿಯ ಗುರುತಿನ ಸಮೇತ. "ಅವರ ಅಕ್ಷರ ಇತ್ತಲ್ಲ, ಅದಕ್ಕೆ ಇಟ್ಕಂಡಿದ್ದೆ" ಅಂದರು.

ಆ ಎರಡು ಹಾಳೆಯನ್ನು ಫೈಲಿನ ಕಸದ ಪಕ್ಕ ಇಟ್ಟುಕೊಂಡು ಯಾವ ಗುರುತಿಗೆ ಯಾವ ಅಕ್ಷರ ಎಂದು ಪಟ್ಟಿ ಮಾಡಿದೆವು. 'ಮನೆ' ಎಂಬ ಪದ ಸಾಲಿಗೊಂದು ಬರುತ್ತಿದ್ದುದರಿಂದ ಮೊದಲು ಸಿಕ್ಕಿದ್ದು ಅದೇ. ಆಮೇಲೆ 'ಬಾವಿ', 'ತೋಟ', 'ಮೂಡಲು', 'ಪಡುವಲು'. ಒತ್ತಕ್ಷರ ಕಾಡಿದವು, ಅರ್ಕಾವತ್ತು ಬಹಳವೇ ಕಾಡಿತು. ಹಳೇ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ಆಮೇಲೆ ಕೂತಿರುತ್ತದೆ, ಯುನಿಕೋಡಿನಲ್ಲಿ ಅಕ್ಷರಕ್ಕಿಂತ ಮೊದಲು ಬರಬೇಕು. 'ತೀರ್ಥಹಳ್ಳಿ' ಸರಿಯಾಗಿ ಮೂಡಲು ಎರಡು ರಾತ್ರಿ ಬೇಕಾಯಿತು. ತೀರ್ಥಹಳ್ಳಿಯವರೇ ಕೂತು ಸರಿ ಮಾಡಿದರು.

ಮಳೆ ಹಿಡಿಯುವ ಹೊತ್ತಿಗೆ ನೂರ ನಲವತ್ತು ಪುಟ ಓದುವ ಹಾಗೆ ಆಯಿತು. ಆ ಮನೆಯ ಜಗಲಿಯಲ್ಲಿ ಕೂತು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆವು. ಮದುವೆಯಾಗಿ ಎರಡು ಮಳೆಗಾಲ ಮಾತ್ರ ಆ ಹಳೇ ಊರಿನಲ್ಲಿ ಇದ್ದವರು ಅವರು. ಮೊದಮೊದಲು ಸುಮ್ಮನೆ ಕೇಳುತ್ತಿದ್ದರು. ತಮ್ಮದೇ ಮನೆಯ ಪುಟ ಬಂದಾಗ ಎದ್ದು ಕೂತರು. ಅದು ಅರೆಬರೆ ಫ್ಲಾಪಿಯದು. 'ಬಾವಿ ಮನೆಯ ಮುಂದೆ, ಮೆಟ್ಟಿಲಿಂದ ಇಳಿದರೆ' ಎನ್ನುವಲ್ಲಿಗೆ ನಿಂತುಹೋಗುತ್ತದೆ.

"ಮುಂದೆ ಅಲ್ಲ ಮಾರಾಯ, ಹಿಂದೆ" ಅಂದರು ಅಮ್ಮ. "ನೀರು ಸೇದಿದ್ದು ಯಾರು, ಇವರಾ? ಬಚ್ಚಲ ಬಾಗಿಲು ದಾಟಿದ್ರೆ ಬಾವಿ. ಪಕ್ಕದಲ್ಲಿ ನೇರಳೆ ಮರ. ಬರ್ಕಳಿ."

ಬರೆದುಕೊಂಡೆವು. ಮೇಷ್ಟ್ರು ಬರೆದದ್ದನ್ನು ತೆಗೆಯಲಿಲ್ಲ, ಪಕ್ಕದಲ್ಲಿ ಅಮ್ಮನ ಮಾತನ್ನೂ ಇಟ್ಟೆವು. ಊರೂರು ಸುತ್ತಿ ಕೇಳಿದ ಮೇಷ್ಟ್ರು ತಮ್ಮ ಮನೆಯೊಳಗೆ ಕೇಳಲು ಮರೆತಿದ್ದರೋ ಏನೋ. ಆ ಮಧ್ಯಾಹ್ನ ಅಮ್ಮ ಇಪ್ಪತ್ತಮೂರು ಕಡೆ ತಿದ್ದಿದರು. ಅದರಲ್ಲಿ ಹೆಚ್ಚಿನವು ಬಾವಿ, ಒರಳು, ಬಚ್ಚಲು ಮತ್ತು ಯಾರ ಮನೆಯ ಸೊಸೆ ಯಾವ ಊರಿನವಳು ಎಂಬ ವಿಷಯ.

ಪಕ್ಕದ ಕೇರಿಯ ಹುಡುಗನ ಮನೆಯ ವಿವರ ನಾಲ್ಕನೇ ಫ್ಲಾಪಿಯಲ್ಲಿ ಸಿಕ್ಕಿತು. ಮಜರೆಯ ಹೆಸರು ಇದೆ, ಅಜ್ಜನ ಅಪ್ಪನ ಹೆಸರಿದೆ, ಪಡುವಲ ಮನೆ ಯಾರದ್ದು ಎಂದಿದೆ. ಸರ್ವೆ ನಂಬರ್ ಇಲ್ಲ. ಮೇಷ್ಟ್ರು ಬರೆದದ್ದು ಸರ್ಕಾರಿ ದಾಖಲೆ ಅಲ್ಲ, ಅದನ್ನೇ ತೋರಿಸಿ ಹಕ್ಕುಪತ್ರ ಕೇಳಲು ಆಗುವುದಿಲ್ಲ. ಆದರೆ ಯಾವ ಊರಿನ, ಯಾರ ಹೆಸರಿನ ಕಾಗದ ಹುಡುಕಿಸಬೇಕು ಎನ್ನುವುದು ಈಗ ಗೊತ್ತಾಗಿದೆ. ಆ ಹೆಸರು ಹಾಕಿ ಹಳೇ ದಾಖಲೆಯ ನಕಲಿಗೆ ಹುಡುಗ ಅರ್ಜಿ ಕೊಟ್ಟಿದ್ದಾನೆ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ.

ಬೂಷ್ಟು ಬಂದ ಎರಡು ಫ್ಲಾಪಿ ಅಕ್ಕಿ ಡಬ್ಬಿಯ ಪಕ್ಕ ಬೆಚ್ಚಗಿನ ಜಾಗದಲ್ಲಿವೆ. ಮಳೆ ಬಿಟ್ಟು ಗಾಳಿ ಒಣಗಿದ ಮೇಲೆ ಚೌಕವನ್ನು ಬಿಡಿಸಿ, ತಟ್ಟೆಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಮೆಲ್ಲಗೆ ಒರೆಸಿ, ಬೇರೆ ಒಳ್ಳೆಯ ಚೌಕಕ್ಕೆ ಹಾಕಿ ನೋಡಬೇಕು. ಅದಕ್ಕೆ ಬೇಕಾದ ಖಾಲಿ ಫ್ಲಾಪಿಗಳು ನಮ್ಮಲ್ಲಿಲ್ಲ. ನಿಮ್ಮ ಅಟ್ಟದಲ್ಲಿ ಇದ್ದರೆ, ಒಳಗೆ ಉಪನಯನದ ಕಾಗದವೇ ಇದ್ದರೂ ಪರವಾಗಿಲ್ಲ, ಎಸೆಯದೆ ನಮಗೆ ಒಂದು ಮಾತು ತಿಳಿಸಿ. ಕಾಗದದ ಪ್ರತಿ ತೆಗೆದು ನಿಮಗೆ ಕೊಟ್ಟು, ಚೌಕ ನಾವು ಇಟ್ಟುಕೊಳ್ಳುತ್ತೇವೆ. ಡ್ರೈವ್ ಸದ್ಯ ಸಾಗರದಲ್ಲಿದೆ, ದೀಪಾವಳಿ ಕಳೆದ ಮೇಲೆ ತೀರ್ಥಹಳ್ಳಿಗೆ ಹೋಗುತ್ತದೆ.